ಮೋಟರ್‌ಹೋಮ್ ಕಮೋಡಿನಲ್ಲಿ ನೀರು ನಿಲ್ಲುತ್ತಿಲ್ಲ: ಸೀಲ್ ಬದಲಿಸಬೇಕೇ, ತೊಳೆದರೆ ಸಾಕೇ?

ಗಾಲಿಮನೆ, ಕೆಂಗೇರಿ:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಟೆಂಪೊ ಟ್ರಾವೆಲರ್ ಷಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆವು. ಅಮ್ಮನಿಗೆ 74 ವರ್ಷ. ಮಂಡಿ ನೋವಿನಿಂದಾಗಿ ದಾರಿಯ ಹೋಟೆಲುಗಳ ಶೌಚಾಲಯದಲ್ಲಿ ಕೂರಲು ಆಗುವುದಿಲ್ಲವೆಂದು ಅವರು ಎಷ್ಟೋ ವರ್ಷಗಳಿಂದ ಬೆಂಗಳೂರು ಬಿಟ್ಟು ಎಲ್ಲಿಗೂ ಹೊರಟಿರಲಿಲ್ಲ. ಗಾಡಿ ಕೊಂಡದ್ದೇ ಅವರಿಗಾಗಿ. ಈಗ ಆ ಗಾಡಿಯ ಶೌಚಾಲಯವೇ ಕೈಕೊಟ್ಟಿದೆ.

ಕಮೋಡು ಹೊರದೇಶದಿಂದ ತರಿಸಿದ ಪ್ಲಾಸ್ಟಿಕ್‌ನದು. ಪೆಡಲನ್ನು ಕಾಲಿನಿಂದ ಅರ್ಧ ಒತ್ತಿದರೆ ನೀರು ಬರುತ್ತದೆ; ಪೂರ್ತಿ ಒತ್ತಿದರೆ ತಳದಲ್ಲಿರುವ ಅರ್ಧ ಚೆಂಡಿನಂಥ ಮುಚ್ಚಳ ಹೊರಳಿಕೊಂಡು, ಎಲ್ಲವೂ ನೇರವಾಗಿ ನೆಲದಡಿಯ ಟ್ಯಾಂಕಿಗೆ ಬೀಳುತ್ತದೆ. ಕಾಲು ತೆಗೆದರೆ ಮುಚ್ಚಳ ಮತ್ತೆ ಮುಚ್ಚಿಕೊಳ್ಳುತ್ತದೆ. ಮೊದಲು ಒಂದು ಲೀಟರಿನಷ್ಟು ನೀರು ಬಿಟ್ಟರೆ ರಾತ್ರಿಯಿಡೀ ನಿಲ್ಲುತ್ತಿತ್ತು. ಆರು ತಿಂಗಳು ಗಾಡಿಯನ್ನು ಮನೆ ಮುಂದಿನ ಬಿಸಿಲಿನಲ್ಲಿ ನಿಲ್ಲಿಸಿದ್ದೆವು. ಆಮೇಲೆ ತೆಗೆದು ನೋಡಿದರೆ ಅದೇ ಒಂದು ಲೀಟರ್ ನೀರು 20 ನಿಮಿಷದಲ್ಲಿ ಇಳಿದುಹೋಗುತ್ತಿದೆ, ಟ್ಯಾಂಕಿನ ವಾಸನೆ ಒಳಗೆಲ್ಲ ತುಂಬುತ್ತಿದೆ. ಒಂದು ವಿಚಿತ್ರವೆಂದರೆ, ಮನೆಯ ಮುಂದಿನ ಇಳಿಜಾರಿನಲ್ಲಿ ಗಾಡಿಯ ಮೂತಿ ಮೇಲಾಗಿ ನಿಂತಾಗ ಎರಡು ಬೆರಳಿನಷ್ಟು ನೀರು ಹಿಂಬದಿಯಲ್ಲಿ ಬೆಳಗಿನವರೆಗೂ ಉಳಿದಿರುತ್ತದೆ. ಸಮತಟ್ಟಾದ ಜಾಗದಲ್ಲಿ ಒಂದು ಹನಿಯೂ ಉಳಿಯುವುದಿಲ್ಲ.

ಗಾಡಿಯ ನೀರಿನ ಟ್ಯಾಂಕಿಗೆ ತುಂಬಿಸುವುದು ನಮ್ಮ ಬೋರ್‌ವೆಲ್ ನೀರನ್ನೇ. ಗಾಡಿಯ ಒಳಾಂಗಣ ಕಟ್ಟಿದವರನ್ನು ಕೇಳಿದರೆ ಸುತ್ತಲೂ ಸಿಲಿಕೋನ್ ಸೀಲಂಟ್ ಬಳಿದುಬಿಡಿ ಎನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಪೆಟ್ರೋಲಿಯಂ ಜೆಲ್ಲಿ ಸವರಿ ಎಂದರು. ಯಾವುದನ್ನೂ ಮಾಡದೆ ಮೊದಲು ಇಲ್ಲಿ ಕೇಳೋಣವೆಂದು ಬರೆಯುತ್ತಿದ್ದೇನೆ.

ದೂರದಾರಿ, ಜಯನಗರ:

ನಮಸ್ಕಾರ ಸರ್. ದಯವಿಟ್ಟು ಸೀಲಂಟ್ ಬಳಿಯಬೇಡಿ. ಅದು ಅಲುಗಾಡದ ಸಂದುಗಳಿಗೆ ಹಾಕುವ ವಸ್ತು. ಇಲ್ಲಿರುವುದು ದಿನಕ್ಕೆ ಹತ್ತಾರು ಸಲ ಹೊರಳುವ ಮುಚ್ಚಳ; ಸೀಲಂಟ್ ಒಣಗಿ ಅಂಟಿಕೊಂಡ ಮೇಲೆ ಮೊದಲ ಸಲ ಪೆಡಲ್ ಒತ್ತಿದಾಗ ರಬ್ಬರ್ ಹರಿಯುತ್ತದೆ, ಇಲ್ಲವೇ ಪೆಡಲಿನ ಪ್ಲಾಸ್ಟಿಕ್ ಹಲ್ಲುಗಳೇ ಮುರಿಯುತ್ತವೆ.

ಮನೆಯ ಕಮೋಡಿನಲ್ಲಿ ನೀರು ನಿಲ್ಲುವುದು ಅದರ ಹಿಂದಿರುವ ಡೊಂಕು ಕೊಳವೆಯಿಂದ. ಆ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ಉಳಿದು ವಾಸನೆಯನ್ನು ತಡೆಯುತ್ತದೆ. ಅಲ್ಲಿ ಸವೆಯುವಂಥದ್ದು ಏನೂ ಇಲ್ಲ. ಗಾಡಿಯ ಕಮೋಡಿನಲ್ಲಿ ಅಂಥ ಬಾಗು ಇರುವುದಿಲ್ಲ, ಏಕೆಂದರೆ ಬಾಗಿನ ಮೂಲಕ ಎಲ್ಲವನ್ನೂ ತಳ್ಳಬೇಕಾದರೆ ಪ್ರತಿ ಸಲ ಐದಾರು ಲೀಟರ್ ನೀರು ಬೇಕು, ಗಾಡಿಯಲ್ಲಿ ಅಷ್ಟು ನೀರನ್ನು ಹೊತ್ತೊಯ್ಯಲಾಗದು. ಹಾಗಾಗಿ ಇಲ್ಲಿ ನೀರನ್ನು ಹಿಡಿದಿಡುವ ಭಾರವೆಲ್ಲ ಮುಚ್ಚಳದ ಅಂಚಿಗೆ ಒತ್ತಿಕೊಳ್ಳುವ ಆ ಒಂದು ರಬ್ಬರ್ ಉಂಗುರದ, ಅಂದರೆ ಸೀಲಿನ, ಮೇಲೆ ಬೀಳುತ್ತದೆ. ಅದರ ತುಟಿಯಲ್ಲಿ ಒಂದು ಕೂದಲಿನಷ್ಟು ಸಂದು ಬಿದ್ದರೂ ಒಂದು ಲೀಟರ್ ನೀರು ಇಳಿದುಹೋಗಲು ಸಾಕು.

ನೀವು ವಿಚಿತ್ರವೆಂದು ಬರೆದದ್ದರಲ್ಲೇ ಉತ್ತರದ ಸುಳಿವಿದೆ. ಮೂತಿ ಮೇಲಾದಾಗ ನೀರು ಹಿಂಬದಿಗೆ ಸರಿದು ಅಲ್ಲಿ ನಿಲ್ಲುತ್ತದೆ. ಉಂಗುರದ ಮುಂಭಾಗ ನೀರಿನ ಮಟ್ಟದಿಂದ ಮೇಲೆ ಉಳಿಯುತ್ತದೆ. ಆಗ ನೀರು ನಿಲ್ಲುತ್ತದೆ ಎಂದರೆ ಹಿಂಬದಿಯ ಸೀಲ್ ಚೆನ್ನಾಗಿದೆ, ತೊಂದರೆ ಇರುವುದು ಗಾಡಿಯ ಮುಂಭಾಗದ ಕಡೆಗೆ ಎಂದರ್ಥ. ಖಚಿತಪಡಿಸಿಕೊಳ್ಳಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೀರು ಬಿಟ್ಟು, ಟಾರ್ಚ್ ಹಿಡಿದು ಐದು ನಿಮಿಷ ಸುಮ್ಮನೆ ನೋಡಿ. ನೀರು ಕೆಳಗೆ ಸೋರುವ ಜಾಗದಲ್ಲಿ ಟ್ಯಾಂಕಿನ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲೆ ಬರುವುದುಂಟು. ಆ ಗುಳ್ಳೆ ಎದ್ದ ಜಾಗವನ್ನು ನೆನಪಿಟ್ಟುಕೊಳ್ಳಿ. ಹಾಗೆಯೇ ಕೈಯಿಂದ ಪೆಡಲನ್ನು ಮೇಲಕ್ಕೆ ಎತ್ತಿ ಹಿಡಿದು ನೋಡಿ: ಹಿಡಿದಾಗ ಸೋರಿಕೆ ನಿಂತರೆ ದೋಷ ಸೀಲಿನದಲ್ಲ, ಮುಚ್ಚಳವನ್ನು ಪೂರ್ತಿ ಮುಚ್ಚಲಾಗದ ಸ್ಪ್ರಿಂಗಿನದು.

ಗುಳ್ಳೆ ಒಂದೇ ಕಡೆ ಬರುತ್ತಿದ್ದರೆ ಬಹುಮಟ್ಟಿಗೆ ಅಲ್ಲಿ ಏನೋ ಸಿಕ್ಕಿಕೊಂಡಿದೆ. ಟಿಶ್ಯೂ ಕಾಗದದ ಚೂರೂ ಆಗಿರಬಹುದು. ಆದರೆ ನಮ್ಮೂರಿನ ಬೋರ್‌ವೆಲ್ ನೀರಾದರೆ ನನಗೆ ಮೊದಲು ಅನುಮಾನ ಬರುವುದು ಸುಣ್ಣದ ಪದರದ ಮೇಲೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಇಲ್ಲಿಯೂ ಕಟ್ಟುತ್ತದೆ. ಗಾಡಿ ಬಿಸಿಲಿನಲ್ಲಿ ನಿಂತಾಗ ತಳದಲ್ಲಿ ಉಳಿದ ನೀರು ಆರಿ, ಅದರಲ್ಲಿ ಕರಗಿದ್ದ ಸುಣ್ಣವೆಲ್ಲ ರಬ್ಬರಿನ ತುಟಿಯ ಮೇಲೆಯೇ ಗಟ್ಟಿಯಾಗುತ್ತದೆ.

ತೊಳೆಯುವ ಕ್ರಮ ಹೀಗೆ. ಮೊದಲು ಟ್ಯಾಂಕ್ ಖಾಲಿ ಮಾಡಿ. ಅದನ್ನು ಒಳಚರಂಡಿಯ ಸಂಪರ್ಕವಿರುವ ಜಾಗದಲ್ಲೇ ಖಾಲಿ ಮಾಡಬೇಕು, ಯಾವ ಕಾರಣಕ್ಕೂ ರಾಜಕಾಲುವೆಗೆ ಬಿಡಬಾರದು. ಪಂಪ್ ಆಫ್ ಮಾಡಿ, ಉದ್ದನೆಯ ರಬ್ಬರ್ ಕೈಗವಸು ಹಾಕಿಕೊಂಡು, ಇನ್ನೊಬ್ಬರಿಂದ ಪೆಡಲ್ ಒತ್ತಿ ಹಿಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಂಗುರದ ಮೇಲ್ಭಾಗವನ್ನಷ್ಟೇ ಅಲ್ಲ, ತುಟಿಯ ಅಡಿಭಾಗವನ್ನೂ ಉಜ್ಜಬೇಕು. ಮೇಲಿನಿಂದ ಕಾಣುವುದು ಸ್ವಚ್ಛವಾಗಿದ್ದರೂ ಕೊಳೆ ಕೂತಿರುವುದು ಅಡಿಯಲ್ಲಿ. ಅಷ್ಟಕ್ಕೂ ಬಿಡದಿದ್ದರೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ. ಕಮೋಡಿಗೆ ಸುಮ್ಮನೆ ಸುರಿದರೆ ಅದೂ ಇಳಿದುಹೋಗುತ್ತದೆ. ಅದಕ್ಕೇ ಹಳೆಯ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಗ್ಗದಂತೆ ಹೊಸೆದು, ಉಂಗುರದ ಸುತ್ತ ಒತ್ತಿಟ್ಟು ಒಂದು ಗಂಟೆ ಬಿಡಿ. ಆಮೇಲೆ ಉಜ್ಜಿದರೆ ಸುಣ್ಣ ಮೆತ್ತಗಾಗಿ ಬರುತ್ತದೆ. ಕಕ್ಕಸು ತೊಳೆಯುವ ಆಸಿಡ್ ಬೇಡ. ಬ್ಲೀಚಿಂಗ್ ಪುಡಿಯನ್ನು ಯಾವುದೇ ಹುಳಿ ಪದಾರ್ಥದ ಜೊತೆ ಸೇರಿಸಲೇಬೇಡಿ. ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ, ಗಾಡಿಯ ಅಷ್ಟು ಚಿಕ್ಕ ಕೋಣೆಯಲ್ಲಿ ಅದು ನಿಜಕ್ಕೂ ಅಪಾಯ.

ರಬ್ಬರ್ ಅಚ್ಚು, ಪೀಣ್ಯ:

ನಾನು ಬಹಳ ವರ್ಷ ಪೀಣ್ಯದಲ್ಲಿ ರಬ್ಬರ್ ಅಚ್ಚಿನ ಕೆಲಸ ಮಾಡಿದವನು. ದೂರದಾರಿ ಅವರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ರಬ್ಬರಿನ ಮಟ್ಟಿಗೆ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ತೊಳೆದ ಮೇಲೂ ನಿಮ್ಮ ಸೋರಿಕೆ ಪೂರ್ತಿ ನಿಲ್ಲದೇ ಇರಬಹುದು.

ಒತ್ತಡಕ್ಕೆ ಸಿಕ್ಕ ರಬ್ಬರ್ ಬಹುಕಾಲ ಬಿಸಿಯಲ್ಲಿ ಹಾಗೆಯೇ ಇದ್ದರೆ ಒತ್ತಿದ ಆಕಾರದಲ್ಲೇ ಉಳಿದುಬಿಡುತ್ತದೆ, ಪುಟಿದೇಳುವ ಗುಣವನ್ನು ಕಳೆದುಕೊಳ್ಳುತ್ತದೆ. ತುಟಿಯ ಅಡಿಯಲ್ಲಿ ಸುಣ್ಣದ ಚೂರೊಂದು ಕೂತು, ಅದರ ಮೇಲೆ ಮುಚ್ಚಳ ಆರು ತಿಂಗಳು ಒತ್ತಿಕೊಂಡಿದ್ದರೆ, ಚೂರು ತೆಗೆದರೂ ಅದರ ಗುರುತು ರಬ್ಬರಿನಲ್ಲಿ ಉಳಿಯುತ್ತದೆ. ಪರೀಕ್ಷೆ ಸುಲಭ: ಉಂಗುರವನ್ನು ಉಗುರಿನಿಂದ ಒತ್ತಿ ಬಿಡಿ. ಗುರುತು ತಕ್ಷಣ ಮಾಯವಾದರೆ ರಬ್ಬರಿಗೆ ಇನ್ನೂ ಜೀವವಿದೆ. ಗುರುತು ಹಾಗೆಯೇ ನಿಂತರೆ ಅಥವಾ ತುಟಿಯನ್ನು ಬಾಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಕಂಡರೆ ಹೊಸದನ್ನೇ ಹಾಕಬೇಕು.

ಪೆಟ್ರೋಲಿಯಂ ಜೆಲ್ಲಿ ಬೇಡವೆನ್ನಲು ಕಾರಣವಿದೆ. ನೀರಿನ ಕೆಲಸದ ಸೀಲುಗಳಿಗೆ ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರನ್ನು ಬಳಸುತ್ತಾರೆ. ನೀರು, ಬಿಸಿಲು, ಓಜೋನ್ ಯಾವುದಕ್ಕೂ ಅದು ಬೇಗ ಬಗ್ಗುವುದಿಲ್ಲ, ಆದರೆ ಪೆಟ್ರೋಲಿಯಂ ಎಣ್ಣೆ ತಗುಲಿದರೆ ಊದಿಕೊಂಡು ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರ್ ಇದಕ್ಕೆ ತದ್ವಿರುದ್ಧ: ಎಣ್ಣೆಯನ್ನು ತಡೆಯುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಕಪ್ಪು ರಬ್ಬರನ್ನು ಕಣ್ಣಿನಿಂದ ನೋಡಿ ಇದು ಯಾವುದೆಂದು ನಾನೂ ಹೇಳಲಾರೆ. ಆದ್ದರಿಂದ ಎರಡಕ್ಕೂ ಹೊಂದುವ ಸಿಲಿಕೋನ್ ಗ್ರೀಸನ್ನೇ ಬೆರಳ ತುದಿಯಲ್ಲಿ ತೆಳುವಾಗಿ ಸವರಿ. ಸಿಲಿಕೋನ್ ಗ್ರೀಸ್ ಬೇರೆ, ಸಿಲಿಕೋನ್ ಸೀಲಂಟ್ ಬೇರೆ; ಅಂಗಡಿಯಲ್ಲಿ ಎರಡರ ಟ್ಯೂಬೂ ಅಕ್ಕಪಕ್ಕದಲ್ಲೇ ಇರುತ್ತವೆ, ಓದಿ ಕೊಳ್ಳಿ. ಕೊಬ್ಬರಿ ಎಣ್ಣೆ ಸವರುವವರನ್ನೂ ಕಂಡಿದ್ದೇನೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ಎಣ್ಣೆ. ಬೆಂಗಳೂರಿನ ಮಾಗಿಯ ರಾತ್ರಿಯಲ್ಲಿ ಗಟ್ಟಿಯಾಗಿ ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹೊಸ ಸೀಲ್ ಬೇಕಾದರೆ ರಬ್ಬರ್ ಹಾಳೆಯಿಂದ ಉಂಗುರ ಕತ್ತರಿಸಿ ಹಾಕುವ ಯೋಚನೆ ಮಾಡಬೇಡಿ. ಎಸ್.ಜೆ.ಪಿ. ರಸ್ತೆಯಲ್ಲಿ ಹಾಳೆ ಸಿಗುತ್ತದೆ, ಕತ್ತರಿಸಿಯೂ ಕೊಡುತ್ತಾರೆ, ಆದರೆ ಚಪ್ಪಟೆ ವಾಷರಿಗೆ ತುಟಿ ಇರುವುದಿಲ್ಲ. ಮುಚ್ಚಳದ ದುಂಡನೆಯ ಮೈಗೆ ಒತ್ತಿಕೊಳ್ಳುವುದು ಆ ಓರೆಯಾದ ತುಟಿಯೇ. ಕಮೋಡಿನ ಬುಡದಲ್ಲಿ, ಸಾಮಾನ್ಯವಾಗಿ ಹಿಂಬದಿಯಲ್ಲಿ, ಮಾದರಿಯ ಸಂಖ್ಯೆಯ ಚೀಟಿ ಅಂಟಿಸಿರುತ್ತಾರೆ; ಅದರ ಫೋಟೊ ತೆಗೆದು ಅದೇ ಮಾದರಿಯ ಸೀಲನ್ನು ತರಿಸಿ.

ಸಂಚಾರಿ, ಯಲಹಂಕ:

ನಮ್ಮ ಗಾಡಿಯಲ್ಲಿರುವುದು ಕ್ಯಾಸೆಟ್ ಮಾದರಿ. ಹೊರಗಿನ ಪುಟ್ಟ ಬಾಗಿಲಿನಿಂದ ಎಳೆದು ತೆಗೆಯುವ, 20 ಲೀಟರಿಗೂ ಕಡಿಮೆ ಹಿಡಿಸುವ ಟ್ಯಾಂಕ್. ಈ ಮಾದರಿಯವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಇಷ್ಟು ಹೇಳುತ್ತೇನೆ: ನಿಮ್ಮ ಸೀಲ್ ಕಮೋಡಿನ ತಳದಲ್ಲಿಲ್ಲ, ಕ್ಯಾಸೆಟ್ಟಿನ ತಲೆಯ ಮೇಲಿದೆ. ಕ್ಯಾಸೆಟ್ಟನ್ನು ಹೊರಗೆ ತೆಗೆದು ಬಚ್ಚಲಿನಲ್ಲಿಟ್ಟು ಆರಾಮವಾಗಿ ತೊಳೆಯಬಹುದು, ಕಮೋಡನ್ನು ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಕ್ಯಾಸೆಟ್ಟನ್ನು ತೊಳೆದು, ಒಣಗಿಸಿ, ಅದರ ಜಾರು ಮುಚ್ಚಳವನ್ನು ತೆರೆದೇ ಇಡಿ. ಆಗ ರಬ್ಬರಿನ ಮೇಲೆ ಒತ್ತಡ ಬೀಳುವುದಿಲ್ಲ, ಅಂಟಿಕೊಳ್ಳುವುದೂ ಇಲ್ಲ. ಗಾಡಿಯೊಳಗೆ ಮರಳಿ ಸೇರಿಸುವ ಮೊದಲು ಮಾತ್ರ ಮುಚ್ಚಲು ಮರೆಯಬಾರದು.

ಗಾಲಿಮನೆ, ಕೆಂಗೇರಿ:

ಮೂವರಿಗೂ ಕೃತಜ್ಞತೆಗಳು. ಉತ್ತರ ಬರೆಯಲು ತಡವಾದದ್ದು ಸೀಲ್ ಬರುವವರೆಗೆ ಕಾದದ್ದರಿಂದ.

ಗುಳ್ಳೆಗಳು ಬಂದದ್ದು ದೂರದಾರಿ ಅವರು ಹೇಳಿದ ಕಡೆಯಿಂದಲೇ, ಗಾಡಿಯ ಮುಂಭಾಗದತ್ತ, ಒಂದೇ ಸಾಲಿನಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕವು. ಮಗಳು ಪೆಡಲ್ ಒತ್ತಿ ಹಿಡಿದಳು, ನಾನು ಬ್ರಷ್ ಹಾಕಿದೆ. ತುಟಿಯ ಅಡಿಯಲ್ಲಿ ಬ್ರಷ್ಷಿಗೆ ಏನೋ ಗರಗರನೆ ತಗುಲಿತು, ಬರಲಿಲ್ಲ. ನಿಂಬೆ ಉಪ್ಪಿನ ಬಟ್ಟೆ ಇಟ್ಟು ಒಂದು ಗಂಟೆ ಬಿಟ್ಟ ಮೇಲೆ ಮೆಂತ್ಯದ ಕಾಳಿನ ಗಾತ್ರದ ಬಿಳಿಯ ಹೆಕ್ಕಳೆ ಎದ್ದು ಬಂತು. ಅದು ಕೂತಿದ್ದ ಜಾಗದಲ್ಲಿ ರಬ್ಬರಿನ ಮೇಲೆ ಅಷ್ಟೇ ಗಾತ್ರದ ಗುಳಿ ಬಿದ್ದಿತ್ತು. ಉಗುರಿನಿಂದ ಒತ್ತಿದರೆ ಸುತ್ತಲಿನ ರಬ್ಬರ್ ಪುಟಿದೇಳುತ್ತಿತ್ತು, ಆ ಗುಳಿ ಮಾತ್ರ ಎರಡು ದಿನವಾದರೂ ಏಳಲಿಲ್ಲ. ಸಿಲಿಕೋನ್ ಗ್ರೀಸ್ ಸವರಿದ ಮೇಲೆ 20 ನಿಮಿಷದಲ್ಲಿ ಇಳಿದುಹೋಗುತ್ತಿದ್ದ ನೀರು ಐದು ಗಂಟೆಯವರೆಗೆ ನಿಂತಿತು. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಅಮ್ಮ ರಾತ್ರಿ ಎದ್ದಾಗ ಆ ವಾಸನೆ ಬರಬಾರದೆಂದು ಹೊಸ ಸೀಲ್ ತರಿಸಿದೆ.

ನಮ್ಮ ಮಾದರಿಯಲ್ಲಿ ಸೀಲ್ ಹಾಕಲು ಕಮೋಡನ್ನೇ ಎತ್ತಬೇಕಾಯಿತು. ನೀರಿನ ಪೈಪ್ ಕಳಚಿ, ನೆಲದ ಎರಡು ನಟ್ ಬಿಚ್ಚಿದರೆ ಇಡೀ ಕಮೋಡು ಕೈಗೆ ಬರುತ್ತದೆ. ಅದರ ಬುಡಕ್ಕೂ ನೆಲಕ್ಕೂ ನಡುವೆ ಇನ್ನೊಂದು ದಪ್ಪನೆಯ ರಬ್ಬರ್ ಉಂಗುರವಿರುತ್ತದೆ. ಒಮ್ಮೆ ಎತ್ತಿದ ಮೇಲೆ ಹಳೆಯದು ಸರಿಯಾಗಿ ಕೂರಲಿಲ್ಲ. ಸೀಲ್ ತರಿಸುವವರು ಅದನ್ನೂ ಜೊತೆಗೇ ತರಿಸಿಕೊಳ್ಳುವುದು ಒಳ್ಳೆಯದು, ನಾನು ಅದಕ್ಕಾಗಿಯೇ ಇನ್ನೂ ಒಂದು ವಾರ ಕಾದೆ. ನಟ್ಟುಗಳನ್ನು ಒಂದಾದ ಮೇಲೊಂದರಂತೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಂದೇ ಕಡೆ ಬಿಗಿದರೆ ಪ್ಲಾಸ್ಟಿಕ್ ಬುಡ ಸೀಳುವ ಭಯವಿರುತ್ತದೆ.

ಶನಿವಾರ ರಾತ್ರಿ 9ಕ್ಕೆ ನೀರು ಬಿಟ್ಟು, ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆದೆ. ಬೆಳಗ್ಗೆ 6ಕ್ಕೆ ನೀರು ಗೆರೆಯಲ್ಲೇ ಇತ್ತು. ಭಾನುವಾರ ಅಮ್ಮನನ್ನು ಮೇಲುಕೋಟೆಗೆ ಕರೆದುಕೊಂಡು ಹೋಗಿ ಬಂದೆವು.

ಒಂದೇ ಒಂದು ಪ್ರಶ್ನೆ ಉಳಿದಿದೆ. ನಿಂತಾಗ ವಾಸನೆ ಇಲ್ಲ, ಆದರೆ ಗಾಡಿ ಓಡುವಾಗ ಒಮ್ಮೊಮ್ಮೆ ಬರುತ್ತದೆ. ಇದೂ ಸೀಲಿನದೇ ತೊಂದರೆಯೇ?

ದೂರದಾರಿ, ಜಯನಗರ:

ಅಮ್ಮನವರು ಹೋಗಿ ಬಂದದ್ದು ಓದಿ ಬಹಳ ಸಂತೋಷವಾಯಿತು ಸರ್.

ಇದು ಸೀಲಿನ ತೊಂದರೆ ಇರಲಾರದು. ಶೌಚಾಲಯದ ಚಾವಣಿಯ ಫ್ಯಾನ್ ಹಾಕಿಕೊಂಡೇ ಗಾಡಿ ಓಡಿಸುತ್ತಿದ್ದೀರಾ ನೋಡಿ. ಕಿಟಕಿ ಬಾಗಿಲೆಲ್ಲ ಮುಚ್ಚಿರುವಾಗ ಆ ಫ್ಯಾನಿಗೆ ಬೇರೆಲ್ಲಿಂದಲೂ ಗಾಳಿ ಸಿಗದೆ, ಪೆಡಲ್ ಒತ್ತಿದ ಕ್ಷಣದಲ್ಲಿ ಟ್ಯಾಂಕಿನ ಗಾಳಿಯನ್ನೇ ಮೇಲಕ್ಕೆ ಎಳೆಯುತ್ತದೆ. ಪೆಡಲ್ ಒತ್ತುವ ಮೊದಲು ಫ್ಯಾನ್ ನಿಲ್ಲಿಸಿ, ಮುಚ್ಚಳ ಮುಚ್ಚಿ ನೀರು ನಿಂತ ಮೇಲೆ ಮತ್ತೆ ಹಾಕಿ. ಜೊತೆಗೆ ಒಂದು ಸಲ ಚಾವಣಿಗೆ ಹತ್ತಿ ಟ್ಯಾಂಕಿನ ಗಾಳಿ ಕೊಳವೆಯ ಬಾಯಿಯನ್ನೂ ನೋಡಿ. ಆರು ತಿಂಗಳು ನಿಂತ ಗಾಡಿಯಲ್ಲಿ ಅಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು. ಅದು ಮುಚ್ಚಿಹೋದರೆ ಟ್ಯಾಂಕಿನೊಳಗಿನ ಗಾಳಿಗೆ ಹೊರಹೋಗಲು ಬೇರೆ ದಾರಿಯಿಲ್ಲದೆ ಕಮೋಡಿನ ಕಡೆಗೇ ನುಗ್ಗುತ್ತದೆ. ಕಡ್ಡಿಯಿಂದ ಒಳಕ್ಕೆ ತಳ್ಳಬೇಡಿ, ಮಣ್ಣು ಕೊಳವೆಯೊಳಗೆ ಬೀಳುತ್ತದೆ. ಮೇಲಿನ ಟೋಪಿ ಬಿಚ್ಚಿ ಕೈಯಿಂದಲೇ ತೆಗೆಯಿರಿ.