ಜಿಆರ್‌ಇ ತ್ರಿಭುಜದ ಪ್ರಶ್ನೆಗಳು: ಗಣಿತದ ಮೇಷ್ಟ್ರನ್ನು ಕೇಳಿ

ಮೆಕ್ಯಾನಿಕಲ್ ಹುಡುಗ: ಸರ್, ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಈ ಜಿಆರ್‌ಇಯಲ್ಲಿ ಸೂತ್ರಗಳ ಪಟ್ಟಿಯನ್ನು ಪರೀಕ್ಷೆಯಲ್ಲೇ ಕೊಡುತ್ತಾರಾ?

ಮೇಷ್ಟ್ರು: ಕೊಡುವುದಿಲ್ಲ. ಪೈಥಾಗೊರಸ್, ವಿಸ್ತೀರ್ಣ, 30-60-90, 45-45-90 ಕೋನಗಳ ತ್ರಿಭುಜಗಳು ಬಾಯಲ್ಲಿರಲಿ. ತ್ರಿಕೋನಮಿತಿ ಕೇಳುವುದಿಲ್ಲ.

ಶಿವಮೊಗ್ಗದವಳು: ಒಂದು ಹೋಲಿಕೆ ಪ್ರಶ್ನೆ ತಲೆ ತಿನ್ನುತ್ತಿದೆ. ತ್ರಿಭುಜದ ಎರಡು ಬಾಹು 5 ಮತ್ತು 12. ಮೊದಲ ಕಾಲಂನಲ್ಲಿ ಮೂರನೇ ಬಾಹು, ಎರಡನೆಯದರಲ್ಲಿ 13. ಚಿತ್ರದಲ್ಲಿ ಅವೆರಡರ ನಡುವಿನ ಮೂಲೆ 90 ಡಿಗ್ರಿ ಇದ್ದ ಹಾಗೇ ಕಾಣುತ್ತದೆ. ಎರಡೂ ಸಮ ಅಂತ ‘ಸಿ’ ಒತ್ತಿದೆ. ಉತ್ತರ ‘ಡಿ’ ಅಂತೆ, ಹೇಳಲು ಸಾಧ್ಯವಿಲ್ಲ ಅಂತ. ಯಾಕೆ?

ಮೇಷ್ಟ್ರು: ಎಲ್ಲರೂ ಇದನ್ನು ನಿಧಾನವಾಗಿ ನೋಡಿ. ಚೆನ್ನಾಗಿ ಓದಿದವರೇ ಇಲ್ಲಿ ಬೀಳುತ್ತಾರೆ. 5, 12 ಕಂಡ ಕೂಡಲೇ ಕೈ ತಾನಾಗಿ 13 ಬರೆಯುತ್ತದೆ. ಆ ಮೂಲೆಯಲ್ಲಿ ಪುಟ್ಟ ಚೌಕದ ಗುರುತು ಇದೆಯಾ? ಇಲ್ಲ, ಅಲ್ವಾ? ಹಾಗಿದ್ದರೆ ಅದು ಲಂಬಕೋನ ಅಂತ ಯಾರೂ ಹೇಳಿಲ್ಲ. ಜ್ಯಾಮಿತಿಯ ಚಿತ್ರಗಳು ಅಳತೆಗೆ ಸರಿಯಾಗಿರಬೇಕೆಂದಿಲ್ಲ ಅಂತ ಜಿಆರ್‌ಇ ಸೂಚನೆಯಲ್ಲೇ ಇದೆ. ನೇರವಾಗಿ ಕಂಡ ಗೆರೆ ನೇರವೇ, ಬಿಂದುಗಳ ಕ್ರಮವೂ ಕಂಡ ಹಾಗೇ. ಕೋನ ಮತ್ತು ಉದ್ದವನ್ನು ಮಾತ್ರ ಕಣ್ಣಳತೆಯಲ್ಲಿ ನಂಬಬೇಡಿ.

12ರ ಗೆರೆಯನ್ನು ಅಲುಗಾಡದಂತೆ ಇಡಿ. 5ರ ಗೆರೆಯನ್ನು ಬಾಗಿಲಿನ ಹಾಗೆ ತಿರುಗಿಸಿ. ಮುಚ್ಚುತ್ತಾ ಬಂದರೆ ಮೂರನೇ ಬಾಹು 7ರ ಹತ್ತಿರ, ತೆರೆಯುತ್ತಾ ಹೋದರೆ 17ರ ಹತ್ತಿರ. ಸರಿಯಾಗಿ 7 ಅಥವಾ 17 ಆದರೆ ತ್ರಿಭುಜವೇ ಉಳಿಯುವುದಿಲ್ಲ. 90 ಡಿಗ್ರಿಯಲ್ಲಿ ಮಾತ್ರ 13. ಅದಕ್ಕೇ ‘ಡಿ’. ನಡುವಿನ ಕೋನ 90ಕ್ಕಿಂತ ಜಾಸ್ತಿ ಅಂತ ಕೊಟ್ಟಿದ್ದರೆ ‘ಎ’, ಮೊದಲ ಕಾಲಂ ದೊಡ್ಡದು. ಸಮದ್ವಿಬಾಹು ಅಂತ ಕೊಟ್ಟಿದ್ದರೆ? 5, 5, 12 ಕೂಡುವುದೇ ಇಲ್ಲ, ಮೂರನೆಯದು 12 ಆಗಲೇಬೇಕು. ಆಗ ‘ಬಿ’, ಎರಡನೆಯದು ದೊಡ್ಡದು.

ಡೇಟಾ ಸೈನ್ಸ್ ಆಸೆ: ಒಂದು ಫಾರ್ವರ್ಡ್ ಬಂದಿದೆ: “ಪರದೆಗೆ ರಫ್ ಹಾಳೆ ಹಿಡಿದು ಬಾಹು ಅಳೆಯಿರಿ, 10 ಸೆಕೆಂಡಿನಲ್ಲಿ ಉತ್ತರ!”

ಮೇಷ್ಟ್ರು: ದಯವಿಟ್ಟು ಇದನ್ನು ಹಂಚಬೇಡಿ. ಅಮೆರಿಕದಲ್ಲಿ ಪದವಿ ಓದಿಗೆ ಬರೆಯುವ ಎಸ್‌ಎಟಿಯಲ್ಲಿ ಬೇರೆ ಹೇಳದಿದ್ದರೆ ಚಿತ್ರ ಅಳತೆಗೆ ಸರಿಯಾಗಿರುತ್ತದೆ. ಅಲ್ಲಿಯದನ್ನು ಯಾರೋ ತಂದು ಇಲ್ಲಿ ಅಂಟಿಸಿದ್ದಾರೆ.

ಎಂಬಿಎ ಕನಸು: ಇಷ್ಟೆಲ್ಲ ಕಷ್ಟ ಯಾಕೆ? ಎಂಬಿಎ ಪ್ರವೇಶದ ಜಿಮ್ಯಾಟ್ ಬರೆಯಿರಿ. ಅಲ್ಲಿ ಜ್ಯಾಮಿತಿಯೇ ಇಲ್ಲ.

ಮೆಕ್ಯಾನಿಕಲ್ ಹುಡುಗ: ಸುಳ್ಳು. ನಮ್ಮ ಅಕ್ಕನ ಪುಸ್ತಕದಲ್ಲಿ ದೊಡ್ಡ ಅಧ್ಯಾಯವೇ ಇದೆ.

ಎಂಬಿಎ ಕನಸು: ಅದು ಹಳೆಯ ಪುಸ್ತಕ. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಜ್ಯಾಮಿತಿ ತೆಗೆದರು. ಗೊತ್ತಿಲ್ಲದೆ ಸುಳ್ಳು ಅನ್ನಬೇಡಿ.

ಮೆಕ್ಯಾನಿಕಲ್ ಹುಡುಗ: ಇರಲಿ. ಎಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡುವವರಿಗೆ ಅದರಿಂದ ಏನು ಉಪಯೋಗ? ಸುಮ್ನೆ ದಾರಿ ತಪ್ಪಿಸುತ್ತಿದ್ದೀರಿ.

ಎಂಬಿಎ ಕನಸು: ಇಲ್ಲಿ ಎಲ್ಲರೂ ನಿಮ್ಮ ಹಾಗೆ ಎಂಎಸ್‌ಗೇ ಓದುತ್ತಿದ್ದಾರಾ?

ಧಾರವಾಡ: ಸಮಬಾಹು ತ್ರಿಭುಜದ ಒಳಗಿನ ವೃತ್ತದ ತ್ರಿಜ್ಯ ಹೇಗೆ ತೆಗೆಯುವುದು ಸರ್?

ಹೊಸ ಸದಸ್ಯ: ಸೂತ್ರಗಳ ಪಟ್ಟಿ ಕೊಡುತ್ತಾರಾ ಸರ್?

ಮೇಷ್ಟ್ರು: ಇಲ್ಲ. ಮೇಲೆ ಓದಿ.

ಡೇಟಾ ಸೈನ್ಸ್ ಆಸೆ: ಇನ್ನೊಂದು ಬಂತು: “ಲಂಬಕೋನ ತ್ರಿಭುಜದಲ್ಲಿ 3, 4 ಕಂಡರೆ ಕಣ್ಣು ಮುಚ್ಚಿ 5 ಬರೆಯಿರಿ.”

ಮೇಷ್ಟ್ರು: ಕಣ್ಣು ಮುಚ್ಚಿದರೆ ಅಂಕ ಹೋಗುತ್ತದೆ. 4 ವಿಕರ್ಣವಾಗಿದ್ದರೆ ಉಳಿದ ಬಾಹು ವರ್ಗಮೂಲ 7. ಇನ್ನೊಂದು ಫಾರ್ವರ್ಡ್ ಹಾಕಿದರೆ ಅಳಿಸುತ್ತೇನೆ. ಜಿಮ್ಯಾಟ್ ಜಗಳವನ್ನೂ ಇಲ್ಲಿಗೆ ನಿಲ್ಲಿಸಿ.

ಶಿವಮೊಗ್ಗದವಳು: ಅದೇ 5, 12ರ ಲೆಕ್ಕದಲ್ಲಿ ವಿಸ್ತೀರ್ಣ 30 ಅಂತ ಕೊಟ್ಟಿದ್ದರೆ ಸರ್?

ಮೇಷ್ಟ್ರು: ಕೇಳಬೇಕಾದ ಪ್ರಶ್ನೆ ಇದು. 12 ಪಾದವಾದರೆ ಎತ್ತರ 5 ಬೇಕು. ಓರೆಯಾದ 5ರ ಗೆರೆ ಅಷ್ಟು ಎತ್ತರ ಮುಟ್ಟುವುದಿಲ್ಲ, ನೆಟ್ಟಗೆ ನಿಂತರೆ ಮಾತ್ರ ಮುಟ್ಟುತ್ತದೆ. ಕೋನ 90, ಮೂರನೇ ಬಾಹು 13. ಈಗ ‘ಸಿ’ ಒತ್ತಿ.