ನ್ಯೂಜಿಲೆಂಡಿನ ಪೈನ್: ದಿಮ್ಮಿ ಮಾರಬೇಕೋ, ಹಲಗೆ ಕೊಯ್ದು ಮಾರಬೇಕೋ?

ಗರಗಸ:
ನ್ಯೂಜಿಲೆಂಡಿನಲ್ಲಿ ವರ್ಷಕ್ಕೆ 3 ಕೋಟಿ ಘನ ಮೀಟರಿಗೂ ಜಾಸ್ತಿ ಮರ ಕಡಿಯುತ್ತಾರೆ. ಹೆಚ್ಚೂಕಮ್ಮಿ ಎಲ್ಲವೂ ನೆಟ್ಟು ಬೆಳೆಸಿದ ರೇಡಿಯಾಟಾ ಪೈನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿಮ್ಮಿಯಾಗಿಯೇ ಹಡಗು ಹತ್ತುತ್ತದೆ. ಹತ್ತು ದಿಮ್ಮಿ ಹೊರಟರೆ ಸುಮಾರು ಒಂಬತ್ತು ಚೀನಾಕ್ಕೆ. ನಾನು ಹನ್ನೊಂದು ವರ್ಷ ಮಿಲ್ಲಿನಲ್ಲಿ ಹಲಗೆ ಕೊಯ್ದವನು. ಆ ಮಿಲ್ ಈಗ ಇಲ್ಲ. ದಿಮ್ಮಿ ಲಾರಿಗಳು ಮಾತ್ರ ಅದರ ಗೇಟಿನ ಮುಂದೆಯೇ ಬಂದರಿಗೆ ಹೋಗುತ್ತವೆ. ದಿಮ್ಮಿ ರಫ್ತಿಗೆ ಸರ್ಕಾರ ಮಿತಿ ಹಾಕಬೇಕು ಅಂತ ನನ್ನ ವಾದ. ನೀವೇನಂತೀರಿ?

ಬೆಟ್ಟದತೋಟ:
ನಾನು ಒಪ್ಪುವುದಿಲ್ಲ. 1990ರ ದಶಕದಲ್ಲಿ ಎಲ್ಲರೂ ಪೈನ್ ನೆಟ್ಟರು. 1994ರ ಒಂದೇ ವರ್ಷದಲ್ಲಿ ಒಂದು ಲಕ್ಷ ಹೆಕ್ಟೇರಿನ ಹತ್ತಿರ ಹೊಸ ತೋಪು ಎದ್ದಿತು. ನಾವು ಆರು ಜನ ಸೇರಿ ಒಂದು ಗುಡ್ಡ ಕೊಂಡು ನೆಟ್ಟೆವು. 27 ವರ್ಷ ಕಾದೆವು. ಮಿಲ್ಲಿನವರು ಬಂದು ನೋಡಿ, ಕೊಂಬೆ ಸವರಿ ಬೆಳೆಸಿದ ಬುಡದ ತುಂಡು ಮಾತ್ರ ಸಾಕು ಅಂದರು. ಮೇಲಿನ ಗಂಟುಗಂಟಿನ ತುಂಡನ್ನು ಕೊಂಡದ್ದು ರಫ್ತಿನವರೇ. ಮಿತಿ ಹಾಕಿದರೆ ಆ ತುಂಡುಗಳನ್ನು ಯಾರಿಗೆ ಕೊಡಲಿ?

ಬಂದರುಕಟ್ಟೆ:
ತೌರಂಗಾದಲ್ಲಿ ಕೆಲಸ ಮಾಡ್ತೀನಿ, ದೇಶದ ಅತಿ ದೊಡ್ಡ ದಿಮ್ಮಿ ಬಂದರು. ಈ ವ್ಯಾಪಾರ ಹೇಗೆ ಒಂದೇ ಕಡೆ ವಾಲಿತು ಅಂತ ಸ್ವಲ್ಪ ಹೇಳುತ್ತೇನೆ. ಮೊದಲು ದೊಡ್ಡ ಗಿರಾಕಿಗಳು ಅಂದರೆ ಕೊರಿಯಾ, ಜಪಾನ್. 2008ರ ಅಕ್ಟೋಬರಿನಲ್ಲಿ ಚೀನಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಅತ್ತ ಚೀನಾ ತನ್ನ ನೈಸರ್ಗಿಕ ಕಾಡು ಕಡಿಯುವುದನ್ನು ಹಂತಹಂತವಾಗಿ ನಿಲ್ಲಿಸುತ್ತಿತ್ತು. ಕಟ್ಟಡಗಳು ಮಾತ್ರ ಏಳುತ್ತಲೇ ಇದ್ದವು. ಸೆಂಟ್ರಿಂಗ್ ಹಲಗೆಗೆ, ಸರಕು ಪೇರಿಸಿಡುವ ಮರದ ಪ್ಯಾಲೆಟ್‌ಗೆ ನಮ್ಮ ಪೈನ್ ಹೇಳಿ ಮಾಡಿಸಿದ ಹಾಗಿತ್ತು.

ಒಬ್ಬನೇ ಗಿರಾಕಿ ಆದರೆ ಏನಾಗುತ್ತದೆ ಅನ್ನುವುದನ್ನೂ ಕಂಡಿದ್ದೇವೆ. 2019ರಲ್ಲಿ ಜರ್ಮನಿ, ಜೆಕ್ ಕಡೆ ಹುಳು ಬಿದ್ದ ಸ್ಪ್ರೂಸ್ ಮರ ಅಗ್ಗಕ್ಕೆ ಚೀನಾ ತಲುಪಿತು, ಇಲ್ಲಿ ಬೆಲೆ ಕುಸಿಯಿತು. 2020ರ ಆರಂಭದಲ್ಲಿ ಕೊರೊನಾದಿಂದ ಅಲ್ಲಿನ ಬಂದರುಗಳಲ್ಲಿ ದಿಮ್ಮಿ ಕದಲಲಿಲ್ಲ. ನಮ್ಮ ಯಾರ್ಡ್ ತುಂಬಿತು, ಕಡಿಯುವ ತಂಡಗಳು ಮನೆಗೆ ಹೋದವು. ಆಮೇಲೆ ಚೀನಾದ ರಿಯಲ್ ಎಸ್ಟೇಟ್ ಮುಗ್ಗರಿಸಿತು. ಭಾರತಕ್ಕೂ ಹಡಗು ಹೋಗುತ್ತಿತ್ತು, ಕಾಂಡ್ಲಾ ಬಂದರಿಗೆ. ಆದರೆ ಭಾರತ ಕೇಳುತ್ತಿದ್ದುದು ಮಿಥೈಲ್ ಬ್ರೋಮೈಡ್ ಹೊಗೆ, ದಿಮ್ಮಿಯೊಳಗಿನ ಹುಳು ಸಾಯಿಸುವ ಅನಿಲ. ಅದು ಓಜೋನ್ ಪದರಕ್ಕೆ ಕೆಟ್ಟದ್ದು. 2023ರ ಜನವರಿಯಿಂದ ನ್ಯೂಜಿಲೆಂಡಿನಲ್ಲಿ ಹಡಗಿನೊಳಗೆ ಅದನ್ನು ಬಿಡುವಂತಿಲ್ಲ. ಹಾಗಾಗಿ ಆ ದಾರಿಯೂ ಕಿರಿದಾಯಿತು. ನನಗೆ ಕಾಣುವುದು ಇಷ್ಟೇ: ದಿಮ್ಮಿಯೋ ಹಲಗೆಯೋ ಅನ್ನುವುದಕ್ಕಿಂತ, ಕೊಳ್ಳುವವರು ಎಷ್ಟು ಜನ ಅನ್ನುವುದು ದೊಡ್ಡ ಪ್ರಶ್ನೆ.

ಗರಗಸ:
ನಾನು ಹೇಳುವುದೂ ಅದನ್ನೇ ಅಲ್ವಾ? ಹಲಗೆ ಆದರೆ ಆಸ್ಟ್ರೇಲಿಯಾ, ಅಮೆರಿಕಾ ಎಲ್ಲಾ ಕೊಳ್ಳುತ್ತವೆ. ಒಬ್ಬರ ಕೈಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹೊಟ್ಟು, ಚಿಪ್ಸ್ ಕಾಗದದ ತಿರುಳು ಮಾಡುವ ಪಲ್ಪ್ ಮಿಲ್ಲಿಗೆ ಹೋಗುತ್ತದೆ, ಊರಿಗೆ ಕೆಲಸ ಸಿಗುತ್ತದೆ.

ಬೆಟ್ಟದತೋಟ:
ಗರಗಸ ಅವರೇ, ಮಿಲ್ ಮುಚ್ಚುವುದು ದಿಮ್ಮಿ ಸಿಗದೆ ಮಾತ್ರವಲ್ಲ. 2024ರಲ್ಲಿ ರುವಾಪೆಹು ಕಡೆ ಒಂದು ಪಲ್ಪ್ ಮಿಲ್ಲು, ಪಕ್ಕದ ಸಾಮಿಲ್ಲು ಎರಡೂ ಮುಚ್ಚಿದವು. ಕಾರಣ ಕರೆಂಟಿನ ಬೆಲೆ. ನನ್ನ ದಿಮ್ಮಿ ಬೆಲೆ ಇಳಿಸಿದರೆ ಕರೆಂಟ್ ಅಗ್ಗ ಆಗುತ್ತದೆಯೇ?

ನದಿದಂಡೆ:
ಗಿಸ್ಬೋರ್ನ್ ಕಡೆಯವಳು ನಾನು. ನೀವೆಲ್ಲ ಬೆಲೆ ಮಾತಾಡ್ತಿದ್ದೀರಿ, ಗುಡ್ಡದ ಮಾತು ಯಾರೂ ಎತ್ತಲಿಲ್ಲ. 1988ರಲ್ಲಿ ಬೋಲಾ ಚಂಡಮಾರುತ ನಮ್ಮ ಗುಡ್ಡಗಳನ್ನು ಕೊಚ್ಚಿತು. ಮಣ್ಣು ಹಿಡಿಯಲಿ ಅಂತ ಸರ್ಕಾರವೇ ಹಣ ಕೊಟ್ಟು ಪೈನ್ ನೆಡಿಸಿತು. ಆ ಮರ ಬೆಳೆದ ಮೇಲೆ ಗುಡ್ಡ ಗುಡ್ಡವನ್ನೇ ಒಟ್ಟಿಗೆ ಬೋಳಿಸಿದರು. 2018ರ ಜೂನ್ ಮಳೆಗೆ ಟೊಲಾಗಾ ಬೇ ಹತ್ತಿರ ರೆಂಬೆ, ತುಂಡುಗಳು ಹೊಳೆಯಲ್ಲಿ ಬಂದು ಹೊಲ, ಸೇತುವೆ, ಕಡಲತೀರ ಎಲ್ಲಾ ತುಂಬಿದವು. 2023ರ ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತ ಬಂದಾಗ ಅದೇ ಇನ್ನೂ ದೊಡ್ಡದಾಗಿ ಆಯಿತು. ನಮ್ಮ ಬೇಲಿ, ಕುರಿ ಹಟ್ಟಿ ಎರಡೂ ಹೋದವು. ರಫ್ತು ಬೆಲೆ ಬಿದ್ದಾಗ ಕಡಿಮೆ ದರ್ಜೆಯ ತುಂಡನ್ನು ಗುಡ್ಡದಿಂದ ಇಳಿಸುವ ಖರ್ಚೇ ಹುಟ್ಟುವುದಿಲ್ಲ. ಅಲ್ಲೇ ಬಿಟ್ಟು ಹೋಗುತ್ತಾರೆ. ಚೀನಾದಲ್ಲಿ ಬೆಲೆ ಇಳಿದರೆ ನಮ್ಮ ಹೊಳೆಗೆ ತುಂಡು ಜಾಸ್ತಿ.

ಬೆಟ್ಟದತೋಟ:
ಅಕ್ಕ, ಈ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ನಮ್ಮ ಗುಡ್ಡದಲ್ಲೂ ತುಂಡು ಬಿಟ್ಟೇ ಬಂದೆವು.

ಗರಗಸ:
ಹತ್ತಿರದಲ್ಲಿ ಮಿಲ್ ಇದ್ದು, ಆ ತುಂಡಿಗೂ ಒಂದು ಬೆಲೆ ಇದ್ದಿದ್ದರೆ ಅದು ಗುಡ್ಡದ ಮೇಲೆ ಉಳಿಯುತ್ತಿರಲಿಲ್ಲ.

ಬಂದರುಕಟ್ಟೆ:
ಸರಿ, ಆದರೆ ಈಗ ಹೊಸ ಮಿಲ್ ಕಟ್ಟುವವರು ಯಾರು? 90ರ ದಶಕದ ಮರ ಈಗಲೇ ಉರುಳುತ್ತಿದೆ. 2030ರ ದಶಕದಲ್ಲಿ ಕೊಯ್ಲಿಗೆ ಬರುವ ಮರ ಕಡಿಮೆ. ಮಿಲ್ಲಿಗೆ ಸಾಲ ಕೊಡುವವರು ಇನ್ನು ಇಪ್ಪತ್ತು ವರ್ಷ ದಿಮ್ಮಿ ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳುತ್ತಾರೆ. ಇರುವ ಮಿಲ್ಲುಗಳಿಗೆ ತೋಟದವರು ಈಗಲೇ ದೀರ್ಘ ಒಪ್ಪಂದ ಬರೆದುಕೊಟ್ಟರೆ ಮಾತ್ರ ಅವು ಉಳಿಯುತ್ತವೆ.

ಗರಗಸ:
ಹಾಗಾದರೆ ರಫ್ತಿನ ಮಿತಿಯ ಮಾತು ಬಿಡುತ್ತೇನೆ. ಬೆಟ್ಟದತೋಟ ಅವರೇ, ಹತ್ತು ವರ್ಷದ ಒಪ್ಪಂದ ಅಂದರೆ ನೀವು ಸಹಿ ಹಾಕುತ್ತೀರಾ?

ಬೆಟ್ಟದತೋಟ:
ಬುಡ, ತುದಿ ಎರಡನ್ನೂ ಒಯ್ಯುವುದಾದರೆ ಹಾಕುತ್ತೇನೆ. ನನ್ನ ಪಾಲಿನ 11 ಹೆಕ್ಟೇರ್ ಇನ್ನೂ ನಿಂತಿದೆ.

ನದಿದಂಡೆ:
ಕಡಿಯುವಾಗ ಹೊಳೆಯ ಅಂಚಿನ ಸಾಲು ಹಾಗೇ ಇರಲಿ. ಅದನ್ನೂ ಒಪ್ಪಂದದಲ್ಲೇ ಬರೆಸಿ.