ಪದಚರ್ಚೆ: ಗಾಲ್ಫ್ ಹೊಡೆತದಲ್ಲಿ ಮಣಿಕಟ್ಟಿನ ಮೂರು ಚಲನೆಗಳಿಗೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಗಾಲ್ಫ್ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಕ್ಲಬ್ (ಚೆಂಡು ಹೊಡೆಯುವ ದಾಂಡು), ಸ್ವಿಂಗ್ (ಅದನ್ನು ಬೀಸುವುದು), ಟೀ, ಗ್ರೀನ್ ಹಾಗೆಯೇ ಇರಲಿ, ತಕರಾರಿಲ್ಲ. ತೊಡಕಿರುವುದು ಮಣಿಕಟ್ಟಿನಲ್ಲಿ. ‘ಮಣಿಕಟ್ಟು ತಿರುಗಿಸಿ’ ಎಂದು ಬರೆದರೆ ಮೂರು ಬೇರೆ ಬೇರೆ ಚಲನೆಗಳು ಒಂದರಲ್ಲೊಂದು ಕಲಸಿಹೋಗುತ್ತವೆ. ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಬಣ್ಣಿಸಲು ಪತ್ರಿಕೆಗಳಿಗೆ ‘ಮಣಿಕಟ್ಟಿನ ಚಳಕ’ ಸಾಕಾಗಿತ್ತು. ಕೊಂಡಾಡುವುದಕ್ಕೆ ಅದು ಸರಿ, ಕಲಿಸುವುದಕ್ಕೆ ಸಾಲದು.

ಬಲಗೈ ಆಟಗಾರನ ಎಡ ಮಣಿಕಟ್ಟನ್ನು ನೋಡಿ. ಕ್ಲಬ್ ಮೇಲೇರುವಾಗ ಅದು ಹೆಬ್ಬೆರಳಿನ ಕಡೆಗೆ ಬಾಗುತ್ತದೆ, ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ ಹಾಗೆ. ಎಡತೋಳಿಗೂ ಕ್ಲಬ್ಬಿನ ಕೋಲಿಗೂ ನಡುವೆ ಸುಮಾರು 90 ಡಿಗ್ರಿ ಕೋನ ಏರ್ಪಡುತ್ತದೆ. ಚೆಂಡು ದೂರ ಹೋಗುವ ಗುಟ್ಟು ಬಹುಪಾಲು ಇಲ್ಲಿದೆ. ಇಳಿಯುವಾಗ ಈ ಕೋನ ಬೇಗ ಬಿಚ್ಚಿಕೊಂಡರೆ ಚೆಂಡು ಸಿಗುವ ಮೊದಲೇ ವೇಗ ಖರ್ಚಾಗಿರುತ್ತದೆ. ಕೊನೆಯವರೆಗೆ ಉಳಿದರೆ, ತೋಳು ನಿಧಾನವಾಗುತ್ತಿರುವಾಗಲೇ ಕ್ಲಬ್ಬಿನ ತಲೆ ಮುನ್ನುಗ್ಗುತ್ತದೆ. ಇದನ್ನು ‘ಮಡಿತ’ ಎನ್ನೋಣವೆಂದರೆ ಯಾರೋ ತೀರಿಕೊಂಡಂತಿದೆ. ‘ಮಡಿಕೆ’ ಎಂದರೆ ಅಡುಗೆಮನೆ. ಸದ್ಯಕ್ಕೆ ‘ಎತ್ತು’, ‘ಬಿಡು’ ಎಂದು ಬರೆದುಕೊಂಡಿದ್ದೇನೆ.

ಎರಡನೆಯದು ಅಂಗೈ ಕಡೆಗೆ ಅಥವಾ ಹಿಂಗೈ ಕಡೆಗೆ ಬಾಗುವುದು. ದಿಕ್ಕನ್ನು ಕೆಡಿಸುವುದು ಹೆಚ್ಚಾಗಿ ಇದೇ. ಎಡ ಮಣಿಕಟ್ಟು ಅಂಗೈ ಕಡೆಗೆ ಬಾಗಿದರೆ ಕ್ಲಬ್ಬಿನ ಮುಖ (ಚೆಂಡಿಗೆ ತಾಗುವ ಬದಿ) ಮುಚ್ಚಿಕೊಂಡು ಚೆಂಡು ಎಡಕ್ಕೆ ಎಳೆಯುತ್ತದೆ. ಹಿಂಗೈ ಕಡೆಗೆ ಬಾಗಿದರೆ ಮುಖ ತೆರೆದು ಬಲಕ್ಕೆ ಜಾರುತ್ತದೆ. ಹಾಗೆಂದು ಒಂದು ಸರಿ, ಇನ್ನೊಂದು ತಪ್ಪು ಎನ್ನುವಂತಿಲ್ಲ. 2016ರ ಯು.ಎಸ್. ಓಪನ್ ಗೆದ್ದ ಡಸ್ಟಿನ್ ಜಾನ್ಸನ್ ಕ್ಲಬ್ ಪೂರ್ತಿ ಮೇಲೇರಿದಾಗ ಅಂಗೈ ಕಡೆಗೆ ಎದ್ದು ಕಾಣುವಷ್ಟು ಬಾಗಿಸುತ್ತಾರೆ. ಎಡಕ್ಕೆ ತಿರುಗುವ ಚೆಂಡಿನಿಂದ ರೋಸಿಹೋಗಿದ್ದ ಅಮೆರಿಕದ ಹೆಸರಾಂತ ಆಟಗಾರ ಬೆನ್ ಹೋಗನ್ ಹಿಂಗೈ ಕಡೆಗೆ ಬಾಗಿಸಿದರು. ಹೇಗೆ ಬಾಗಿಸಿದರೂ ಪ್ರತಿ ಸಲವೂ ಹಾಗೆಯೇ ಬಾಗಿಸಬೇಕು. ‘ಒಳಬಾಗು’, ‘ಹೊರಬಾಗು’ ನಡೆಯುತ್ತದೆಯೇ?

ಮೂರನೆಯದು ತಿರುವು. ಅದು ಮಣಿಕಟ್ಟಿನದೇ ಅಲ್ಲ, ಮೊಣಕೈ ಕೆಳಗಿನ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದು. ‘ಮುಂಗೈ ತಿರುವು’ ಎನ್ನಲು ಮನಸ್ಸಿದೆ. ಆದರೆ ಮುಂಗೈ ಎಂದರೆ ಕೆಲವರಿಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ, ಕೆಲವರಿಗೆ ಬಳೆ ತೊಡುವ ಜಾಗ ಮಾತ್ರ. ನಿಮ್ಮ ಸೀಮೆಯಲ್ಲಿ ಯಾವ ಅರ್ಥ?

ಇನ್ನೊಂದು ಕೋರಿಕೆ. ‘ಬೆಂಗಳೂರು ಗಾಲ್ಫ್ ಕ್ಲಬ್’ ಎಂಬ ಸಂಸ್ಥೆ 1876ರದು. ಇಷ್ಟು ಕಾಲ ಚೀಲ ಹೊತ್ತು ಆಟ ನೋಡಿದ ಕ್ಯಾಡಿಗಳು ಇವಕ್ಕೆಲ್ಲ ಏನಾದರೂ ಹೆಸರು ಇಟ್ಟಿರಲೇಬೇಕು. ಅವರ ಒಡನಾಟ ಇರುವವರು ದಯವಿಟ್ಟು ಕೇಳಿ ಬರೆಯಿರಿ.